ಓಡುವ ವ್ಯಾಗನ್ನಿಗೆ ಮೂಗುದಾರ

ಎಂಜಿನ್ ಇಲ್ಲ, ಚಾಲಕನಿಲ್ಲ, ಗೇರೂ ಇಲ್ಲ. 80 ಟನ್ ಭಾರದ ಗೂಡ್ಸ್ ವ್ಯಾಗನ್ ಇಳಿಜಾರಿನಲ್ಲಿ ತಾನಾಗಿ ಉರುಳುತ್ತದೆ. ಅದು ಬೇಕಾದ ಹಳಿಗೇ ಹೋಗಬೇಕು, ಅಲ್ಲಿ ನಿಂತಿರುವ ವ್ಯಾಗನ್ನಿಗೆ ಮೆಲ್ಲಗೆ ತಾಗಿ ನಿಲ್ಲಬೇಕು. ವೇಗ ಹೆಚ್ಚಾದರೆ ಅನಾಹುತ, ಕಡಿಮೆಯಾದರೆ ದಾರಿಯಲ್ಲೇ ನಿಂತು ಅಡ್ಡಿ. ಅದನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ?

ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿರುವ ಅಗಸೂರಿನ ಮಕ್ಕಳಿಗೆ ಲಾರಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಯಲ್ಲಾಪುರದ ಕಡೆಯಿಂದ ಬರುವ ಲಾರಿಗಳು ಅರಬೈಲು ಘಟ್ಟ ಇಳಿದು, ಗಂಗಾವಳಿ ಕಣಿವೆಯಲ್ಲಿ ಸಾಗಿ, ಈ ಊರನ್ನು ಹಾದು ಕರಾವಳಿ ಸೇರುತ್ತವೆ. ಘಟ್ಟದ ಚಾಲಕರಲ್ಲಿ ಒಂದು ಹಳೆಯ ನಿಯಮವಿದೆ: ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇಳಿಜಾರಿನಲ್ಲಿ ಲಾರಿಯನ್ನು ಓಡಿಸಲು ಎಂಜಿನ್ ಬೇಕಿಲ್ಲ. ಆ ಕೆಲಸವನ್ನು ಭೂಮಿಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಚಾಲಕನ ಜಾಣ್ಮೆಯೆಲ್ಲ ಇರುವುದು ಲಾರಿಯನ್ನು ಹಿಡಿದಿಡುವುದರಲ್ಲಿ. ಬರೀ ಬ್ರೇಕನ್ನೇ ನಂಬಿ ಇಳಿದರೆ ಅದು ಕಾದು ಕೆಂಪಾಗಿ ಕೈಕೊಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈಗ ಆ ಲಾರಿಯಿಂದ ಚಾಲಕನನ್ನು ಇಳಿಸಿಬಿಡಿ. ಎಂಜಿನನ್ನೂ ಗೇರನ್ನೂ ತೆಗೆದುಹಾಕಿ. ರಬ್ಬರ್ ಟೈರಿನ ಬದಲು ಉಕ್ಕಿನ ಚಕ್ರ ಹಾಕಿ, ನುಣುಪಾದ ಉಕ್ಕಿನ ಹಳಿಯ ಮೇಲೆ ನಿಲ್ಲಿಸಿ. ಆಗ ಅದು ರೈಲ್ವೆ ವ್ಯಾಗನ್ ಆಗುತ್ತದೆ! ಇಂಥ ವ್ಯಾಗನ್ನುಗಳನ್ನು ಬೇಕೆಂದೇ ಇಳಿಜಾರಿನಲ್ಲಿ ಉರುಳಬಿಡುವ ಪದ್ಧತಿ ರೈಲ್ವೆಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಅದರ ಹಿಂದಿರುವ ಲೆಕ್ಕಾಚಾರ ಹೈಸ್ಕೂಲಿನ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಅಲ್ಲ. ಆದರೆ ಆ ಲೆಕ್ಕ ತಪ್ಪಿದಾಗ ತೆರಬೇಕಾದ ಬೆಲೆ ಮಾತ್ರ ದೊಡ್ಡದು.

ಉರುಳಿಸುವುದಾದರೂ ಏಕೆ?

ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾನಾ ಊರುಗಳ ಪತ್ರಗಳು ಒಂದೇ ಚೀಲದಲ್ಲಿ ಬರುತ್ತವೆ. ಅವನ್ನು ಊರೂರಿನ ಗೂಡಿಗೆ ಹಾಕಿ, ಮತ್ತೆ ಚೀಲ ಕಟ್ಟಬೇಕು. ಗೂಡ್ಸ್ ರೈಲಿನ ವ್ಯಾಗನ್ನುಗಳದ್ದೂ ಇದೇ ಕಥೆ. ಒಂದೇ ರೈಲಿನಲ್ಲಿ ಬಂದ 50 ವ್ಯಾಗನ್ನುಗಳಲ್ಲಿ ಹತ್ತು ಮುಂಬಯಿಗೆ, ಏಳು ಮದರಾಸಿಗೆ, ಮೂರು ದೆಹಲಿಗೆ ಎಂದಿದ್ದರೆ ಅವನ್ನು ಬಿಡಿಸಿ ಬೇರೆ ಬೇರೆ ಹಳಿಗಳಿಗೆ ಸೇರಿಸಿ ಹೊಸ ರೈಲುಗಳನ್ನು ಕಟ್ಟಬೇಕು. ಈ ಕೆಲಸ ನಡೆಯುವ ಜಾಗವೇ ಮಾರ್ಷಲಿಂಗ್ ಯಾರ್ಡ್.

ಸಮತಟ್ಟಾದ ಯಾರ್ಡಿನಲ್ಲಿ ಎಂಜಿನ್ನೇ ಒಂದೊಂದು ವ್ಯಾಗನ್ನನ್ನೂ ಎಳೆದು, ತಳ್ಳಿ, ಮತ್ತೆ ಹಿಂದೆ ಬಂದು ಇನ್ನೊಂದನ್ನು ತಳ್ಳಬೇಕು. ಒಂದು ರೈಲನ್ನು ವಿಂಗಡಿಸುವುದರಲ್ಲಿ ಎಂಜಿನ್ನು ಹತ್ತಾರು ಸಲ ಹಿಂದೆ ಮುಂದೆ ಓಡಾಡುತ್ತದೆ. ಈ ಓಡಾಟ ತಪ್ಪಿಸಲು 19ನೇ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಎಂಜಿನಿಯರುಗಳು ಕಂಡುಕೊಂಡ ಉಪಾಯವೇ ‘ಹಂಪ್’. ಹಳಿಯ ದಾರಿಯಲ್ಲಿ ಒಂದು ದಿಬ್ಬ ಕಟ್ಟುವುದು. ಎಂಜಿನ್ನು ಇಡೀ ರೈಲನ್ನು ಹಿಂದಿನಿಂದ ನಡಿಗೆಯ ವೇಗದಲ್ಲಿ ದಿಬ್ಬದ ಮೇಲಕ್ಕೆ ನೂಕುತ್ತದೆ. ನೆತ್ತಿಗೆ ಬರುತ್ತಿದ್ದಂತೆ ವ್ಯಾಗನ್ನಿನ ಕೊಂಡಿ ಬಿಡಿಸುತ್ತಾರೆ. ಅದು ಆ ಕಡೆಯ ಇಳಿಜಾರಿನಲ್ಲಿ ತಾನಾಗಿ ಉರುಳುತ್ತದೆ. ಕೆಳಗೆ ಹಳಿಗಳು ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ. ಪಾಯಿಂಟ್ಸುಗಳನ್ನು ಸರಿಯಾಗಿ ತಿರುಗಿಸಿಕೊಟ್ಟರೆ ವ್ಯಾಗನ್ ತನ್ನ ‘ಗೂಡಿಗೆ’ ಹೋಗಿ ಸೇರುತ್ತದೆ. ಎಂಜಿನ್ನು ಹಿಂದೆ ಬರಬೇಕಾಗಿಲ್ಲ; ಸುಮ್ಮನೆ ನೂಕುತ್ತಾ ಹೋದರೆ ಸಾಕು.

ಉಪಾಯವೇನೋ ಸೊಗಸಾಗಿದೆ. ಆದರೆ ಇಲ್ಲೊಂದು ತೊಡಕಿದೆ. ಓಡುವ ರೈಲಿನಲ್ಲಿ ಎಲ್ಲ ವ್ಯಾಗನ್ನುಗಳ ಬ್ರೇಕುಗಳೂ ಗಾಳಿಯ ಕೊಳವೆಯ ಮೂಲಕ ಚಾಲಕನ ಹತೋಟಿಯಲ್ಲಿರುತ್ತವೆ. ವ್ಯಾಗನ್ನನ್ನು ಬಿಡಿಸಿದ ಮೇಲೆ ಆ ಸಂಬಂಧ ಕಡಿದುಹೋಗುತ್ತದೆ. ಅದು ಸರಾಗವಾಗಿ ಉರುಳಲೆಂದು ಬ್ರೇಕಿನ ಗಾಳಿಯನ್ನು ಮೊದಲೇ ಹೊರಬಿಟ್ಟಿರುತ್ತಾರೆ. ಹಾಗಾದರೆ ಉರುಳುವ ವ್ಯಾಗನ್ನನ್ನು ಹಿಡಿಯುವವರು ಯಾರು?

ಎತ್ತರದ ಜಮಾಖರ್ಚು

ವೇಗದ ಲೆಕ್ಕವನ್ನು ಎತ್ತರದ ಲೆಕ್ಕವಾಗಿ ಬದಲಾಯಿಸಿಕೊಂಡರೆ ಎಲ್ಲವೂ ಸುಲಭ. 3 ಮೀಟರ್ ಎತ್ತರದ ದಿಬ್ಬದಿಂದ ಒಂದು ವಸ್ತು ಯಾವ ತಡೆಯೂ ಇಲ್ಲದೆ ಉರುಳಿದರೆ ಕೆಳಗೆ ಬರುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿ.ಮೀ. ಇರುತ್ತದೆ. ವ್ಯಾಗನ್ನು ಖಾಲಿಯಿರಲಿ, ತುಂಬಿರಲಿ, ವೇಗ ಒಂದೇ. ಆದರೆ ನಿಂತ ವ್ಯಾಗನ್ನಿಗೆ ಅದು ತಾಗುವಾಗ ಇರಬೇಕಾದ ವೇಗ ಗಂಟೆಗೆ ಸುಮಾರು 5 ಕಿ.ಮೀ. ಮಾತ್ರ, ಎಂದರೆ ನಾವು ನಡೆಯುವಷ್ಟು. ಈ 5 ಕಿ.ಮೀ. ವೇಗ ಪಡೆಯಲು ಎಷ್ಟು ಎತ್ತರದಿಂದ ಇಳಿದರೆ ಸಾಕು ಗೊತ್ತೇ? ಕೇವಲ 10 ಸೆಂಟಿಮೀಟರ್! ವೇಗ ಇಮ್ಮಡಿಸಿ 10 ಕಿ.ಮೀ. ಆದರೆ ಅದು 40 ಸೆಂ.ಮೀ. ಎತ್ತರಕ್ಕೆ ಸಮ. 15 ಕಿ.ಮೀ. ಆದರೆ ಹತ್ತಿರ ಹತ್ತಿರ 90 ಸೆಂ.ಮೀ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ಅಂದರೆ ದಿಬ್ಬವು ಪ್ರತಿ ವ್ಯಾಗನ್ನಿಗೂ 300 ಸೆಂ.ಮೀ. ಬಂಡವಾಳ ಕೊಟ್ಟು ಕಳುಹಿಸುತ್ತದೆ. ಪ್ರಯಾಣದ ಕೊನೆಗೆ ಅದರ ಕೈಯಲ್ಲಿ 10 ಸೆಂ.ಮೀ. ಮಾತ್ರ ಉಳಿದಿರಬೇಕು. ಮಿಕ್ಕ 290 ಸೆಂ.ಮೀ. ದಾರಿಯಲ್ಲಿ ಖರ್ಚಾಗಲೇಬೇಕು.

ಒಂದಷ್ಟು ಖರ್ಚು ತಾನಾಗಿಯೇ ಆಗುತ್ತದೆ. ಬೇರಿಂಗಿನ ಘರ್ಷಣೆ, ಗಾಳಿಯ ತಡೆ, ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜುವುದು—ಇವೆಲ್ಲ ವೇಗವನ್ನು ತಿನ್ನುತ್ತವೆ. ಆದರೆ ಎಲ್ಲ ವ್ಯಾಗನ್ನುಗಳೂ ಒಂದೇ ತೆರನಾಗಿ ಖರ್ಚು ಮಾಡುವುದಿಲ್ಲ. ಒಂದು ಉದಾಹರಣೆ ನೋಡಿ. ಚೆನ್ನಾಗಿ ಉರುಳುವ ವ್ಯಾಗನ್ನೊಂದು 500 ಮೀಟರಿಗೆ 1 ಮೀಟರ್ ಎತ್ತರದಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂದುಕೊಳ್ಳೋಣ. ಬಿಗಿಯಾಗಿ ಉರುಳುವ ಇನ್ನೊಂದು ಅದೇ ದೂರಕ್ಕೆ 2 ಮೀಟರ್ ಕಳೆದುಕೊಳ್ಳುತ್ತದೆ. ಮೊದಲನೆಯದರ ಬಳಿ ಉಳಿಯುವುದು 200 ಸೆಂ.ಮೀ., ಎರಡನೆಯದರ ಬಳಿ 100 ಸೆಂ.ಮೀ. ಎರಡಕ್ಕೂ ಬೇಕಾದ್ದು ಬರೀ 10. ಆದ್ದರಿಂದ ಮೊದಲನೆಯದರಿಂದ 190, ಎರಡನೆಯದರಿಂದ 90 ಸೆಂ.ಮೀ. ಕಿತ್ತುಕೊಳ್ಳಬೇಕು. ಪ್ರತಿ ವ್ಯಾಗನ್ನಿನ ಸ್ವಭಾವ ನೋಡಿ, ಅದಕ್ಕೆ ತಕ್ಕಷ್ಟೇ ಕಿತ್ತುಕೊಳ್ಳಬೇಕು. ಹಂಪ್ ಯಾರ್ಡಿನ ಇಡೀ ವಿದ್ಯೆ ಇಷ್ಟೇ.

‘ಹಾಗಾದರೆ ದಿಬ್ಬವನ್ನೇ ಕಡಿಮೆ ಎತ್ತರಕ್ಕೆ ಕಟ್ಟಬಾರದೇಕೆ?’ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಕಟ್ಟಬಹುದು, ಆದರೆ ಆಗ ಬಿಗಿಯಾಗಿ ಉರುಳುವ ವ್ಯಾಗನ್ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಹಿಂದಿನಿಂದ ಬರುವುದು ಅದಕ್ಕೆ ಢಿಕ್ಕಿ ಹೊಡೆಯುತ್ತದೆ. ತೀರ ಸೋಮಾರಿಯಾದ ವ್ಯಾಗನ್ ಕೂಡ, ಚಳಿಯಲ್ಲಿ, ಎದುರುಗಾಳಿಯಲ್ಲಿ, ತುತ್ತತುದಿಯ ಹಳಿ ತಲಪುವಂತೆ ದಿಬ್ಬದ ಎತ್ತರವನ್ನು ನಿಗದಿ ಮಾಡಬೇಕಾಗುತ್ತದೆ. ಹೀಗಾಗಿ ಚುರುಕಾದವುಗಳ ಕೈಯಲ್ಲಿ ಬೇಡದ ವೇಗ ಮಿಗುತ್ತದೆ.

ಇನ್ನೊಂದು ಸಮಸ್ಯೆ ಅಂತರದ್ದು. ಮುಂದಿನ ವ್ಯಾಗನ್ ಎಡಕ್ಕೆ, ಹಿಂದಿನದು ಬಲಕ್ಕೆ ಹೋಗಬೇಕಾದರೆ ನಡುವೆ ಪಾಯಿಂಟ್ಸ್ ತಿರುಗಿಸಲು ಕೆಲವು ಸೆಕೆಂಡುಗಳಾದರೂ ಬೇಕು. ಮುಂದಿನದು ಸೋಮಾರಿ, ಹಿಂದಿನದು ಚುರುಕು ಆಗಿದ್ದರೆ ಹಿಂದಿನದು ಮುಂದಿನದರ ಬೆನ್ನಟ್ಟಿ ಹಿಡಿದುಬಿಡುತ್ತದೆ. ಆಗ ಎರಡೂ ಒಂದೇ ಹಳಿಗೆ ಹೋಗಬಹುದು. ಇಲ್ಲವೇ ಮುಂದಿನದು ಇನ್ನೂ ಪೂರ್ತಿ ಸರಿದಿರದಾಗ ಹಿಂದಿನದು ಅದರ ಪಕ್ಕೆಗೆ ತಿವಿಯಬಹುದು. ಹೀಗೆ ವೇಗ ನಿಯಂತ್ರಣಕ್ಕೆ ಎರಡು ಕೆಲಸ: ದಾರಿಯಲ್ಲಿ ಅಂತರ ಕಾಯುವುದು, ಕೊನೆಯಲ್ಲಿ ಪೆಟ್ಟು ತಗ್ಗಿಸುವುದು.

ಕೋಲು ಮತ್ತು ಸ್ಕಿಡ್

ಯಂತ್ರಗಳು ಬರುವ ಮೊದಲು ಈ ಎರಡೂ ಕೆಲಸಗಳನ್ನು ಮಾಡುತ್ತಿದ್ದುದು ಮನುಷ್ಯರು. ಅಮೆರಿಕದಲ್ಲಿ ಕೆಲಸಗಾರ ಉರುಳುವ ವ್ಯಾಗನ್ನಿನ ಮೇಲೇ ಹತ್ತಿ ನಿಂತು ಕೈಬ್ರೇಕಿನ ಚಕ್ರ ತಿರುಗಿಸುತ್ತಿದ್ದ. ಮಳೆ, ಮಂಜು, ಕತ್ತಲೆ ಏನೇ ಇದ್ದರೂ ದಿನಕ್ಕೆ ಎಷ್ಟೋ ಸಲ ಹೀಗೆ ಸವಾರಿ ಮಾಡಿ, ಕೆಳಗಿಳಿದು, ಮತ್ತೆ ದಿಬ್ಬಕ್ಕೆ ಮರಳಬೇಕು. ಕಾಲು ಜಾರಿದರೆ ಚಕ್ರದ ಕೆಳಗೆ. ಬ್ರಿಟನ್ನಿನಲ್ಲಿ ಶಂಟಿಂಗ್ ಕೆಲಸಗಾರ ವ್ಯಾಗನ್ನಿನ ಪಕ್ಕದಲ್ಲಿ ಓಡುತ್ತ, ಗಟ್ಟಿಮರದ ಕೋಲೊಂದನ್ನು ಸನ್ನೆಯಂತೆ ಬಳಸಿ ಬ್ರೇಕಿನ ಹಿಡಿಯನ್ನು ಕೆಳಕ್ಕೆ ಒತ್ತುತ್ತಿದ್ದ.

ಮೂರನೆಯ ವಿಧಾನ ಸ್ಕಿಡ್. ಇದು ಹಳಿಯ ಮೇಲೆ ಕೂರುವ ಕಬ್ಬಿಣದ ‘ಪಾದರಕ್ಷೆ’. ಉರುಳಿ ಬರುವ ವ್ಯಾಗನ್ನಿನ ಮುಂದೆ ಇದನ್ನು ಹಳಿಯ ಮೇಲಿಟ್ಟರೆ ಚಕ್ರ ಅದರ ಮೇಲೇರುತ್ತದೆ. ಆಮೇಲೆ ಚಕ್ರ ಉರುಳುವುದು ನಿಂತು, ಸ್ಕಿಡ್ಡಿನ ಸಮೇತ ಹಳಿಯ ಮೇಲೆ ಜಾರುತ್ತದೆ. ಉರುಳುವುದಕ್ಕಿಂತ ಜಾರುವುದಕ್ಕೆ ತಡೆ ಎಷ್ಟೋ ಪಟ್ಟು ಹೆಚ್ಚು. ಹೀಗಾಗಿ ವ್ಯಾಗನ್ ಬೇಗ ನಿಲ್ಲುತ್ತದೆ. ನಮ್ಮ ಎತ್ತಿನ ಗಾಡಿಯವರು ಇಳಿಜಾರಿನಲ್ಲಿ ಚಕ್ರಕ್ಕೆ ಮರದ ತುಂಡು ಒತ್ತುವಂತೆ ಮಾಡುವುದು ಇದೇ ತತ್ವದ ಮೇಲೆ. ಭಾರತದ ಯಾರ್ಡುಗಳಲ್ಲೂ ಸ್ಕಿಡ್ ಮತ್ತು ಕೈಬ್ರೇಕುಗಳೇ ದಶಕಗಳ ಕಾಲ ಈ ಕೆಲಸಕ್ಕೆ ಆಧಾರವಾಗಿದ್ದವು.

ಸ್ಕಿಡ್ ಇಡುವವನು ಎಲ್ಲಿ ಇಡಬೇಕೆಂದು ಒಂದೆರಡು ಕ್ಷಣದಲ್ಲಿ ತೀರ್ಮಾನಿಸಬೇಕು. ಬರುತ್ತಿರುವುದು ತುಂಬಿದ್ದೋ ಖಾಲಿಯೋ, ವೇಗವೆಷ್ಟು, ಹಳಿ ಒದ್ದೆಯೋ ಒಣಗಿದೆಯೋ—ಎಲ್ಲವೂ ಅವನ ಕಣ್ಣಳತೆಯ ಮೇಲೆ. ಮೇಲೆ ನಾವು ಮಾಡಿದ 190 ಮತ್ತು 90ರ ಲೆಕ್ಕವನ್ನು ಅವನು ಪೆನ್ನು ಕಾಗದವಿಲ್ಲದೆ ಮಾಡುತ್ತಿದ್ದ. ಎಂಜಿನ್ನಿಲ್ಲದ ವ್ಯಾಗನ್ ಸದ್ದಿಲ್ಲದೆ ಬರುತ್ತದೆ. ಒಂದು ಹಳಿಯ ಮೇಲೆ ಗಮನವಿಟ್ಟವನಿಗೆ ಪಕ್ಕದ ಹಳಿಯಲ್ಲಿ ಬರುತ್ತಿರುವುದು ಕೇಳಿಸದೆ ಹೋಗಬಹುದು. ಶಂಟಿಂಗ್ ರೈಲ್ವೆಯ ಅತಿ ಅಪಾಯದ ಕೆಲಸಗಳಲ್ಲಿ ಒಂದು ಎನಿಸಿಕೊಂಡದ್ದು ಇದೇ ಕಾರಣಕ್ಕೆ.

ಸ್ಫೋಟಕ ತುಂಬಿದ ವ್ಯಾಗನ್ನು, ಎಣ್ಣೆ ಟ್ಯಾಂಕರು, ಪ್ರಯಾಣಿಕರಿರುವ ಬೋಗಿಗಳನ್ನು ಹೀಗೆ ಬಿಟ್ಟು ಉರುಳಿಸುವಂತಿಲ್ಲ ಎಂಬ ನಿಯಮವಿರುವುದೂ ಇದರಿಂದಲೇ. ಅವನ್ನು ಎಂಜಿನ್ನಿಗೆ ಕಟ್ಟಿಕೊಂಡೇ ಸರಿಸಬೇಕು.

ಚಕ್ರದ ಕಿವಿ ಹಿಂಡುವ ಯಂತ್ರ

1924ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಗಿಬ್ಸನ್ ಯಾರ್ಡಿನಲ್ಲಿ ಹೊಸ ಸಾಧನವೊಂದು ಬಳಕೆಗೆ ಬಂತು. ಹೆಸರು ‘ರಿಟಾರ್ಡರ್’, ಎಂದರೆ ನಿಧಾನಗೊಳಿಸುವಂಥದ್ದು. ಬ್ರೇಕನ್ನು ವ್ಯಾಗನ್ನಿನಲ್ಲಿ ಇಡುವ ಬದಲು ನೆಲದಲ್ಲೇ ಇಟ್ಟರೆ ಹೇಗೆ ಎಂಬುದೇ ಇದರ ಹಿಂದಿನ ಯೋಚನೆ.

ಹಳಿಯ ಎರಡೂ ಬದಿಗೆ ಉದ್ದನೆಯ ಉಕ್ಕಿನ ತೊಲೆಗಳನ್ನು ಜೋಡಿಸಿರುತ್ತಾರೆ. ವ್ಯಾಗನ್ ಅಲ್ಲಿಗೆ ಬಂದಾಗ ಒತ್ತಡದ ಗಾಳಿ ಅಥವಾ ಎಣ್ಣೆಯ ಬಲದಿಂದ ಈ ತೊಲೆಗಳು ಹತ್ತಿರ ಸರಿದು ಚಕ್ರವನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ತುಂಟ ಹುಡುಗನ ಕಿವಿ ಹಿಂಡಿದಂತೆ! ಸಾಕಷ್ಟು ವೇಗ ಇಳಿದ ಕೂಡಲೇ ಬಿಟ್ಟುಬಿಡುತ್ತವೆ. ಎತ್ತರದ ಗೋಪುರದಲ್ಲಿ ಕುಳಿತ ಒಬ್ಬ ನಿಯಂತ್ರಕ ಸನ್ನೆಗೋಲುಗಳನ್ನು ಸರಿಸುತ್ತ, ಹತ್ತಾರು ಬ್ರೇಕ್‌ಮನ್‌ಗಳು ಜೀವ ಪಣಕ್ಕಿಟ್ಟು ಮಾಡುತ್ತಿದ್ದ ಕೆಲಸವನ್ನು ಮಾಡಬಲ್ಲವನಾದ. 1929ರಲ್ಲಿ ಇಂಗ್ಲೆಂಡಿನ ವೈಟ್‌ಮೂರ್ ಯಾರ್ಡಿಗೆ ಜರ್ಮನ್ ಮಾದರಿಯ ರಿಟಾರ್ಡರುಗಳು ಬಂದವು.

ದೊಡ್ಡ ಯಾರ್ಡುಗಳಲ್ಲಿ ರಿಟಾರ್ಡರುಗಳು ಎರಡು ಮೂರು ಹಂತದಲ್ಲಿರುತ್ತವೆ. ದಿಬ್ಬದ ಬುಡದಲ್ಲಿ ಇರುವುದು ಮೊದಲ ಹಂತ. ಎಲ್ಲ ವ್ಯಾಗನ್ನುಗಳೂ ಇದರ ಮೂಲಕವೇ ಹೋಗುತ್ತವೆ. ಅಂತರ ಕಾಯುವುದು ಇದರ ಮುಖ್ಯ ಕೆಲಸ. ಹಳಿಗಳು ಕವಲೊಡೆದ ಮೇಲೆ ಪ್ರತಿ ಗುಂಪಿಗೆ ಒಂದರಂತೆ ಎರಡನೆಯ ಹಂತ. ವ್ಯಾಗನ್ ಇನ್ನೆಷ್ಟು ದೂರ ಹೋಗಬೇಕು, ಆ ಹಳಿಯಲ್ಲಿ ಎಷ್ಟು ಜಾಗ ಖಾಲಿಯಿದೆ ಎಂದು ನೋಡಿ ವೇಗವನ್ನು ಅಂತಿಮವಾಗಿ ತಿದ್ದುವುದು ಇಲ್ಲಿ. ಇಂದಿನ ಯಾರ್ಡುಗಳಲ್ಲಿ ತೂಕ ಅಳೆಯುವ ಸಾಧನ, ವೇಗ ಅಳೆಯುವ ರಾಡಾರ್, ಚಕ್ರ ಎಣಿಸುವ ಸಂವೇದಕಗಳು ಸೇರಿ ಕಂಪ್ಯೂಟರಿಗೆ ಮಾಹಿತಿ ಕೊಡುತ್ತವೆ. ವ್ಯಾಗನ್ ಇಳಿಯುತ್ತಿರುವಾಗಲೇ ಅದು ಚುರುಕೋ ಸೋಮಾರಿಯೋ ಎಂದು ಕಂಪ್ಯೂಟರ್ ಅಳೆದು ಎಷ್ಟು ಹಿಂಡಬೇಕೆಂದು ನಿರ್ಧರಿಸುತ್ತದೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿರುವ ಬೇಯ್ಲಿ ಯಾರ್ಡ್ ಜಗತ್ತಿನಲ್ಲೇ ದೊಡ್ಡದು. ಅಲ್ಲಿ ಎರಡು ದಿಬ್ಬಗಳಿವೆ.

ಉಕ್ಕು ಉಕ್ಕನ್ನು ಹಿಂಡುವಾಗ ಕಿವಿ ತೂತಾಗುವಂಥ ಕೀರಲು ಸದ್ದು ಹೊರಡುತ್ತದೆ. ಯಾರ್ಡಿನ ಅಕ್ಕಪಕ್ಕದ ಜನಕ್ಕೆ ಇದೊಂದು ಕಿರಿಕಿರಿ. ಬ್ರಿಟನ್ನಿನ ಡೌಟಿ ಕಂಪನಿ ಬೇರೊಂದು ಜಾಣತನದ ಸಾಧನ ಮಾಡಿತು. ಹಳಿಯ ಒಳಬದಿಗೆ ಅಣಬೆಯಂಥ ತಲೆಯುಳ್ಳ, ಎಣ್ಣೆ ತುಂಬಿದ ಸಣ್ಣ ಸಿಲಿಂಡರುಗಳನ್ನು ಸಾಲಾಗಿ ಜೋಡಿಸುವುದು. ಹಾದುಹೋಗುವ ಚಕ್ರದ ಅಂಚು ಅಣಬೆಯ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಇಂಜೆಕ್ಷನ್ ಸಿರಿಂಜನ್ನು ನೆನೆಸಿಕೊಳ್ಳಿ: ಮೆಲ್ಲಗೆ ಒತ್ತಿದರೆ ನೀರು ಸಲೀಸಾಗಿ ಹೊರಬರುತ್ತದೆ, ರಭಸದಿಂದ ಒತ್ತಿದರೆ ಹೆಬ್ಬೆರಳಿಗೆ ತಡೆ ತಿಳಿಯುತ್ತದೆ. ಇಲ್ಲೂ ಹಾಗೆಯೇ. ವ್ಯಾಗನ್ ನಿಗದಿತ ವೇಗಕ್ಕಿಂತ ನಿಧಾನವಾಗಿದ್ದರೆ ಎಣ್ಣೆ ಸರಾಗವಾಗಿ ಸರಿದು ದಾರಿ ಕೊಡುತ್ತದೆ. ವೇಗ ಮೀರಿದ್ದರೆ ಒಳಗಿನ ಕವಾಟವೊಂದು ಮುಚ್ಚಿಕೊಂಡು, ಎಣ್ಣೆ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾಗುತ್ತದೆ. ಚಕ್ರದ ಶಕ್ತಿ ಎಣ್ಣೆಯ ಬಿಸಿಯಾಗಿ ಕರಗುತ್ತದೆ. ವಿದ್ಯುತ್ ಬೇಡ, ಕಂಪ್ಯೂಟರ್ ಬೇಡ. 1965ರಲ್ಲಿ ಶೆಫೀಲ್ಡ್ ಬಳಿ ತೆರೆದ ಟಿನ್‌ಸ್ಲಿ ಯಾರ್ಡಿನಲ್ಲಿ ಇಂಥ 20 ಸಾವಿರಕ್ಕೂ ಹೆಚ್ಚು ಸಿಲಿಂಡರುಗಳಿದ್ದವು.

ನಮ್ಮಲ್ಲಿ ದಿಬ್ಬಗಳು ಮರೆಗೆ ಸರಿದದ್ದು

ಭಾರತದಲ್ಲಿ ಹಂಪ್ ಯಾರ್ಡ್ ಎಂದೊಡನೆ ನೆನಪಾಗುವ ಹೆಸರು ಉತ್ತರ ಪ್ರದೇಶದ ಮೊಗಲ್‌ಸರಾಯ್. 2018ರಿಂದ ಅದರ ಹೆಸರು ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್. ಏಷ್ಯಾದಲ್ಲೇ ದೊಡ್ಡ ಯಾರ್ಡ್ ಎಂದು ಪಠ್ಯಪುಸ್ತಕಗಳಲ್ಲಿ ಓದಿದವರು ಬಹಳ ಜನ. ಆದರೆ 1980ರ ದಶಕದಿಂದ ಭಾರತೀಯ ರೈಲ್ವೆ ತನ್ನ ಸರಕು ಸಾಗಣೆಯ ಕ್ರಮವನ್ನೇ ಬದಲಿಸಿತು. ಬಿಡಿ ಬಿಡಿ ವ್ಯಾಗನ್ನುಗಳನ್ನು ಒಟ್ಟುಗೂಡಿಸುವ ಬದಲು, ಗಣಿಯಿಂದ ಬಂದರಿಗೆ, ಕಲ್ಲಿದ್ದಲ ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಒಂದೇ ಸರಕಿನ ಪೂರ್ತಿ ರೈಲನ್ನು ಓಡಿಸುವ ಪದ್ಧತಿ ಬಂತು. ದಾರಿಯಲ್ಲಿ ಬಿಡಿಸಿ ಕಟ್ಟುವ ಕೆಲಸವೇ ಇಲ್ಲವೆಂದ ಮೇಲೆ ದಿಬ್ಬಗಳ ಅಗತ್ಯ ಕಡಿಮೆಯಾಯಿತು. ಅಮೆರಿಕದಲ್ಲೂ 2017ರ ನಂತರ ಹಲವು ದಿಬ್ಬಗಳು ಮುಚ್ಚಿಹೋದವು.

ದಿಬ್ಬ ಹೋಯಿತು ಎಂದ ಮಾತ್ರಕ್ಕೆ ಉರುಳುವ ಸಮಸ್ಯೆ ಹೋಗಲಿಲ್ಲ. ಬದಲಿಗೆ ಅದು ವೇಷ ಬದಲಿಸಿಕೊಂಡು ಪ್ರತಿ ನಿಲ್ದಾಣಕ್ಕೂ ಬಂತು. 1980ರ ಸುಮಾರಿಗೆ ಬಂದ ಬಾಕ್ಸ್‌ಎನ್ ಮಾದರಿಯ ವ್ಯಾಗನ್ನುಗಳಲ್ಲಿ ಹಳೆಯ ಬೇರಿಂಗಿನ ಬದಲು ರೋಲರ್ ಬೇರಿಂಗುಗಳಿವೆ. ತುಂಬಿದಾಗ ಒಂದೊಂದರ ತೂಕ ಸುಮಾರು 81 ಟನ್. ಇಷ್ಟು ಭಾರವಿದ್ದರೂ ಇವು ಹಳೆಯ ವ್ಯಾಗನ್ನುಗಳಿಗಿಂತ ಬಹಳ ಹಗುರವಾಗಿ ಉರುಳುತ್ತವೆ. ಎಂಜಿನ್ನಿಗೆ ಇದು ಲಾಭ. ನಿಲ್ಲಿಸುವವರಿಗೆ ಹೊಸ ತಲೆನೋವು.

ನೋಡಲು ಸಮ, ಆದರೆ…

ಅಂಕೋಲಾ, ಹಾರವಾಡ, ಕಾರವಾರಗಳ ಮೂಲಕ ಹಾದುಹೋಗುವ ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಗುಡ್ಡಗಾಡಿನಲ್ಲಿ ಸಾಗಿದರೂ ಈ ಮಾರ್ಗದ ಏರಿಳಿತವನ್ನು 150ಕ್ಕೆ 1ರ ಮಿತಿಯಲ್ಲಿಟ್ಟಿದ್ದಾರೆ. ಅಂದರೆ 150 ಮೀಟರ್ ಮುಂದೆ ಹೋದರೆ ಹೆಚ್ಚೆಂದರೆ 1 ಮೀಟರ್ ಏರು ಅಥವಾ ಇಳಿತ. ಆದರೆ ನಿಲ್ದಾಣದ ಯಾರ್ಡುಗಳ ವಿಷಯದಲ್ಲಿ ಭಾರತೀಯ ರೈಲ್ವೆಯ ನಿಯಮ ಇನ್ನೂ ಬಿಗಿ. ಯಾವ ಯಾರ್ಡೂ 400ಕ್ಕೆ 1ಕ್ಕಿಂತ ಹೆಚ್ಚು ಇಳಿಜಾರಾಗಿರಬಾರದು. ಹೊಸದಾಗಿ ಕಟ್ಟುವಾಗ 1200ಕ್ಕೆ 1ರೊಳಗೆ ಇರಬೇಕು ಎನ್ನುತ್ತದೆ ಅದು.

ಏಕೆ ಎಂದು ನಮ್ಮ ಎತ್ತರದ ಲೆಕ್ಕವೇ ಹೇಳುತ್ತದೆ. ಚೆನ್ನಾಗಿ ಉರುಳುವ ವ್ಯಾಗನ್ 500 ಮೀಟರಿಗೆ 1 ಮೀಟರ್ ಖರ್ಚು ಮಾಡುತ್ತದೆ ಎಂದುಕೊಂಡೆವಲ್ಲ? 400 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ ಅದಕ್ಕೆ ಆದಾಯ ಖರ್ಚಿಗಿಂತ ಹೆಚ್ಚು. ಒಮ್ಮೆ ಅಲುಗಾಡಿದರೆ ತಾನಾಗಿ ಉರುಳುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. 1200ಕ್ಕೆ 1 ಇದ್ದರೆ ಆದಾಯ ಖರ್ಚಿಗೆ ಸಾಲದು, ನಿಂತಲ್ಲೇ ನಿಲ್ಲುತ್ತದೆ. ನಮ್ಮ ಕಣ್ಣಿಗೆ ಎರಡೂ ಸಮತಟ್ಟು. ವ್ಯಾಗನ್ನಿಗೆ ಮಾತ್ರ ಅಲ್ಲ!

ಅದಕ್ಕೇ ನಿಲ್ಲಿಸಿದ ವ್ಯಾಗನ್ನುಗಳಿಗೆ ಕೈಬ್ರೇಕು ಬಿಗಿದು, ಚಕ್ರಕ್ಕೆ ಸ್ಕಿಡ್ ಇಲ್ಲವೇ ಮರದ ಬೆಣೆ ಕೊಟ್ಟು, ಸರಪಳಿ ಹಾಕಿ ಬೀಗ ಹಾಕುವ ಕ್ರಮವಿದೆ. ಗಾಳಿಯ ಬ್ರೇಕನ್ನೇ ನಂಬಿ ಬಿಡುವಂತಿಲ್ಲ. ಎಂಜಿನ್ನು ಗಾಳಿ ತುಂಬುವುದು ನಿಲ್ಲಿಸಿದ ಮೇಲೆ ಸಿಲಿಂಡರಿನ ಗಾಳಿ ನಿಧಾನವಾಗಿ ಸೋರಿಹೋಗಿ ಬ್ರೇಕು ಸಡಿಲವಾಗುತ್ತದೆ.

ಇದನ್ನು ಮರೆತದ್ದರ ಫಲ ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣಕ್ಕೆ ಗೊತ್ತು. 2013ರ ಜುಲೈ 6ರ ನಡುರಾತ್ರಿಯ ನಂತರ, ಸಮೀಪದ ಇಳಿಜಾರಿನಲ್ಲಿ ನಿಲ್ಲಿಸಿದ್ದ 72 ಟ್ಯಾಂಕರುಗಳ ಕಚ್ಚಾ ತೈಲದ ರೈಲು ತಾನಾಗಿ ಹೊರಟಿತು. ಓಡುತ್ತಿದ್ದ ಎಂಜಿನನ್ನು ಬಂದ್ ಮಾಡಿದ್ದರಿಂದ ಗಾಳಿ ಸೋರಿತ್ತು. ಹಾಕಿದ್ದ ಕೈಬ್ರೇಕುಗಳು ಸಾಲದಾದವು. ಇಳಿಜಾರು 100ಕ್ಕೆ 1.2ರಷ್ಟು ಮಾತ್ರ. ಪಟ್ಟಣದ ನಡುವೆ ಹಳಿ ತಪ್ಪಿ ಬೆಂಕಿ ಹತ್ತಿ 47 ಜನ ಸತ್ತರು. ನಮ್ಮಲ್ಲೂ 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾ ನಿಲ್ದಾಣದಿಂದ ಜಲ್ಲಿಕಲ್ಲು ತುಂಬಿದ 53 ವ್ಯಾಗನ್ನುಗಳ ರೈಲು ಚಾಲಕನಿಲ್ಲದೆ ಹೊರಟು 70 ಕಿ.ಮೀ.ಗೂ ಹೆಚ್ಚು ದೂರ ಓಡಿತು. ಪಂಜಾಬಿನ ಉಂಚಿ ಬಸ್ಸಿಯ ಬಳಿ ಅದನ್ನು ನಿಲ್ಲಿಸಲಾಯಿತು. ಅದೃಷ್ಟವಶಾತ್ ಯಾರಿಗೂ ಏನೂ ಆಗಲಿಲ್ಲ.

ಕ್ಯಾಸಲ್‌ರಾಕ್‌ನ ಪಾಠ

ಯಾರ್ಡಿನಲ್ಲಿ ಒಂದು ವ್ಯಾಗನ್ನಿಗೆ ಎದುರಾಗುವ ಪ್ರಶ್ನೆ ಘಟ್ಟದಲ್ಲಿ ಇಡೀ ರೈಲಿಗೇ ಎದುರಾಗುತ್ತದೆ. ಇದನ್ನು ನೋಡಲು ಉತ್ತರ ಕನ್ನಡ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಮ್‌ಗೆ ಇಳಿಯುವ ಮಾರ್ಗ 1880ರ ದಶಕದಲ್ಲಿ ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಹಾಕಿದ್ದು. ದೂಧಸಾಗರ ಜಲಪಾತದ ಪಕ್ಕದಲ್ಲೇ ಹಾದುಹೋಗುವ ಈ ಘಟ್ಟದಲ್ಲಿ ಇಳಿಜಾರು 37ಕ್ಕೆ 1. ಹೊಸ ಯಾರ್ಡಿನ ಮಿತಿಗಿಂತ 30 ಪಟ್ಟು ಕಡಿದು!

ಇಲ್ಲಿ ಹತ್ತುವ ಭಾರದ ರೈಲುಗಳಿಗೆ ಮುಂದೆಯೂ ಹಿಂದೆಯೂ ಎಂಜಿನ್ನುಗಳನ್ನು ಹಚ್ಚುತ್ತಾರೆ. ಇಳಿಯುವಾಗ ಲಾರಿ ಚಾಲಕರ ಸಣ್ಣ ಗೇರಿನಂತೆಯೇ ಎಂಜಿನ್ನನ್ನೇ ಬ್ರೇಕಾಗಿ ಬಳಸುತ್ತಾರೆ. ಚಕ್ರ ತಿರುಗಿಸುವ ವಿದ್ಯುತ್ ಮೋಟಾರು ಇಳಿಜಾರಿನಲ್ಲಿ ಚಕ್ರದಿಂದ ತಾನೇ ತಿರುಗಿಸಲ್ಪಟ್ಟು ಡೈನಮೋ ಆಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹೀಗೆ ಹುಟ್ಟಿದ ವಿದ್ಯುತ್ತನ್ನು ಬಿಸಿಯಾಗಿ ಗಾಳಿಗೆ ಬಿಡುತ್ತಾರೆ. ಹೊಸ ವಿದ್ಯುತ್ ಎಂಜಿನ್ನುಗಳು ಅದನ್ನು ತಂತಿಗೇ ಮರಳಿಸಬಲ್ಲವು.

ಅಷ್ಟಾದರೂ ಬ್ರೇಕು ಕೈಕೊಟ್ಟರೆ? ಕಡಿದಾದ ಘಟ್ಟಗಳಲ್ಲಿ ‘ಕ್ಯಾಚ್ ಸೈಡಿಂಗ್’ ಎಂಬ ಕವಲು ಹಳಿ ಇರುತ್ತದೆ. ಅದು ಮುಖ್ಯ ಹಳಿಯಿಂದ ಬೇರೆಯಾಗಿ ಗುಡ್ಡದ ಕಡೆಗೆ ಏರುತ್ತದೆ. ಪಾಯಿಂಟ್ಸ್ ಯಾವಾಗಲೂ ಆ ಏರು ಹಳಿಯ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ರೈಲು ಹಿಡಿತದಲ್ಲಿದ್ದು ನಿಂತುಕೊಂಡರೆ ಮಾತ್ರ ಮುಖ್ಯ ಹಳಿಯ ದಾರಿ ಬಿಡುತ್ತಾರೆ. ಹಿಡಿತ ತಪ್ಪಿದ ರೈಲು ಏರು ಹಳಿಗೆ ನುಗ್ಗಿ ತನ್ನ ವೇಗವನ್ನು ಮತ್ತೆ ಎತ್ತರವಾಗಿ ಮಾಡಿಕೊಂಡು ನಿಲ್ಲುತ್ತದೆ. ಭೂಮಿ ಕೊಟ್ಟ ವೇಗವನ್ನು ಭೂಮಿಗೇ ಹಿಂದಿರುಗಿಸುವ ಈ ಉಪಾಯಕ್ಕಿಂತ ಸರಳವಾದದ್ದು ಇನ್ನಾವುದಿದೆ?

ಅಗಸೂರಿನ ಕಣಿವೆಗೆ ರೈಲು ಬಂದರೆ

ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ ದಶಕಗಳಿಂದ ಚರ್ಚೆಯಲ್ಲಿದೆ. 160 ಕಿ.ಮೀ.ಗೂ ಉದ್ದದ ಈ ಮಾರ್ಗದ ಬಹುಭಾಗ ಪಶ್ಚಿಮಘಟ್ಟದ ಕಾಡಿನಲ್ಲಿ ಸಾಗಬೇಕಾಗಿರುವುದರಿಂದ ಪರಿಸರದ ಆಕ್ಷೇಪ, ನ್ಯಾಯಾಲಯದ ವ್ಯಾಜ್ಯಗಳು ಬೆನ್ನುಹತ್ತಿವೆ. ಬಳ್ಳಾರಿ-ಹೊಸಪೇಟೆಯ ಅದಿರನ್ನು ಕರಾವಳಿಯ ಬಂದರುಗಳಿಗೆ ತರುವುದು ಇದರ ಹಿಂದಿನ ಒಂದು ಮುಖ್ಯ ಉದ್ದೇಶವಾಗಿತ್ತು. ಮಾರ್ಗ ಬೇಕೋ ಬೇಡವೋ ಎಂಬ ವಾದ ಬೇರೆ. ನಮ್ಮ ವಿದ್ಯಾರ್ಥಿಗಳು ಮಾತ್ರ ಒಂದು ಲೆಕ್ಕ ಹಾಕಿ ನೋಡಬಹುದು.

ತಲಾ 81 ಟನ್ನಿನ 58 ವ್ಯಾಗನ್ನುಗಳ ರೈಲು ಎಂದರೆ ಸುಮಾರು 4,700 ಟನ್. ಅದು ಘಟ್ಟದ ಮೇಲಿಂದ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 6,000 ಯೂನಿಟ್ ವಿದ್ಯುತ್ತಿಗೂ ಹೆಚ್ಚು. ತಿಂಗಳಿಗೆ 100 ಯೂನಿಟ್ ಬಳಸುವ 60 ಮನೆಗಳಿಗೆ ಒಂದು ತಿಂಗಳು ಸಾಕಾಗುವಷ್ಟು! ಇಷ್ಟನ್ನೂ ಬ್ರೇಕು, ಮೋಟಾರು, ಘರ್ಷಣೆಗಳು ಸೇರಿ, ಒಂದೇ ಇಳಿತದಲ್ಲಿ, ಒಂದು ಕ್ಷಣವೂ ಕೈತಪ್ಪದಂತೆ ಕರಗಿಸಬೇಕು. ಘಟ್ಟದ ರೈಲು ಮಾರ್ಗ ಎಂದರೆ ಹಳಿ ಹಾಕುವುದಷ್ಟೇ ಅಲ್ಲ ಎಂಬುದು ಇದರಿಂದ ತಿಳಿದೀತು.

ಮನೆಯಲ್ಲೇ ಮಾಡಿ ನೋಡಿ

ಬೇಕಾದ್ದು: ನಡುವೆ ಗೆರೆಯುಳ್ಳ ಒಂದು ಅಡಿಪಟ್ಟಿ, ಒಂದು ಗೋಲಿ, ಒಂದೇ ದಪ್ಪದ ನಾಲ್ಕು ಪುಸ್ತಕ, ಒಂದು ಟವೆಲ್. ಅಡಿಪಟ್ಟಿಯ ಒಂದು ತುದಿಯನ್ನು ಒಂದು ಪುಸ್ತಕದ ಮೇಲಿಟ್ಟು, ಇನ್ನೊಂದು ತುದಿಯ ಮುಂದೆ ಟವೆಲ್ ಹಾಸಿ. ಗೋಲಿಯನ್ನು ಮೇಲಿನಿಂದ ಬಿಟ್ಟು ಟವೆಲಿನ ಮೇಲೆ ಎಷ್ಟು ದೂರ ಹೋಗಿ ನಿಂತಿತು ಎಂದು ಅಳೆಯಿರಿ. ಆಮೇಲೆ ಎರಡು, ನಾಲ್ಕು ಪುಸ್ತಕಗಳನ್ನಿಟ್ಟು ನೋಡಿ. ಎತ್ತರ ಇಮ್ಮಡಿಯಾದರೆ ದೂರವೂ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಇದೇ ನಮ್ಮ ಜಮಾಖರ್ಚು.

ಆಟದ ಕಾರುಗಳಿದ್ದರೆ ಇನ್ನೂ ಮಜಾ. ಚೆನ್ನಾಗಿ ಉರುಳುವ ಒಂದು, ಧೂಳು ಹಿಡಿದು ಬಿಗಿಯಾದ ಒಂದು ಆರಿಸಿ. ಹಲಗೆಯ ಇಳಿಜಾರಿನಿಂದ ಎರಡನ್ನೂ ಬಿಟ್ಟು, ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿದ ಖಾಲಿ ಬೆಂಕಿಪೆಟ್ಟಿಗೆ ಉರುಳದಂತೆ ತಾಗಿಸಬೇಕು. ದಾರಿಯಲ್ಲಿ ಎರಡು ಅಡಿಪಟ್ಟಿಗಳನ್ನು ಎರಡು ಬದಿಗೆ ಹಿಡಿದು ಕಾರಿನ ಪಕ್ಕಕ್ಕೆ ಒತ್ತಿ ವೇಗ ತಗ್ಗಿಸಬಹುದು. ನೀವೇ ರಿಟಾರ್ಡರ್! ಹತ್ತು ಸಲಕ್ಕೆ ಎಷ್ಟು ಸಲ ಗೆಲ್ಲುತ್ತೀರಿ ಎಂದು ಎಣಿಸಿ. ಸ್ಕಿಡ್ ಇಡುತ್ತಿದ್ದವರ ಕಣ್ಣಳತೆಯ ಬೆಲೆ ಆಗ ಗೊತ್ತಾಗುತ್ತದೆ.

ಈ ಆಟವೆಲ್ಲ ಮನೆಯ ಜಗಲಿಯಲ್ಲಿ ಮಾತ್ರ. ಇದನ್ನು ಪಾಲಕರು ಮಕ್ಕಳಿಗೆ ಖಂಡಿತವಾಗಿ ಹೇಳಬೇಕು. ನಿಲ್ದಾಣದ ಬದಿಯ ಹಳಿಯಲ್ಲಿ ತಿಂಗಳುಗಟ್ಟಲೆ ನಿಂತಂತೆ ಕಾಣುವ ವ್ಯಾಗನ್ ಯಾವ ಗಳಿಗೆಯಲ್ಲಾದರೂ ಕದಲಬಹುದು. ಕದಲುವಾಗ ಎಂಜಿನ್ನಿನ ಸದ್ದಾಗಲೀ ಹಾರ್ನ್ ಆಗಲೀ ಇರುವುದಿಲ್ಲ. ಅದರ ಅಡಿಯಲ್ಲಿ ನುಸುಳಿ ಹಳಿ ದಾಟುವುದು, ಎರಡು ವ್ಯಾಗನ್ನುಗಳ ನಡುವಿನ ಕೊಂಡಿಯ ಮೇಲೆ ಹತ್ತಿ ಇಳಿಯುವುದು, ಹಳಿಯ ಮೇಲಿನ ಸ್ಕಿಡ್ ಅಥವಾ ಮರದ ಬೆಣೆಯನ್ನು ಆಟಕ್ಕೆಂದು ಎತ್ತಿಕೊಳ್ಳುವುದು—ಇವು ಯಾವುವೂ ಕೂಡದು. 2022ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ವಿದ್ಯುದೀಕರಣಗೊಂಡಿದ್ದು, ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ. ವ್ಯಾಗನ್ನಿನ ಮೇಲೆ ಹತ್ತಿದವರು ತಂತಿಯನ್ನು ಮುಟ್ಟಬೇಕೆಂದೇ ಇಲ್ಲ. ತೀರ ಹತ್ತಿರ ಹೋದರೂ ಸಾಕು, ಜೀವಕ್ಕೆ ಕುತ್ತು. ಹಳಿಯ ಮೇಲೆ ಸುಮ್ಮನೆ ಬಿದ್ದಂತಿರುವ ಆ ಒಂದು ಮರದ ತುಂಡು 80 ಟನ್ನನ್ನು ತಡೆದು ನಿಂತಿರುತ್ತದೆ ಎಂಬುದು ಮಕ್ಕಳ ಮನಸ್ಸಿನಲ್ಲಿ ಉಳಿದರೆ ಸಾಕು.